ಕಲ್ಲು ತೆಗೆಸಿದ ಮೇಲೆ ಬಂದ ವರದಿ: ಪಿತ್ತಕೋಶದ ಕ್ಯಾನ್ಸರ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಅತ್ತೆಗೆ 56 ವರ್ಷ. ಮೂರು ವಾರದ ಹಿಂದೆ ಪಿತ್ತಕೋಶದ ಕಲ್ಲಿಗೆಂದು ಕೀಹೋಲ್ ಆಪರೇಷನ್ ಆಯಿತು. ಈಗ ಚೆನ್ನಾಗಿ ಓಡಾಡುತ್ತಿದ್ದಾರೆ. ಹೊಲಿಗೆ ತೋರಿಸಲು ಹೋದಾಗ ಲ್ಯಾಬ್ ವರದಿಯಲ್ಲಿ ‘ಅಡಿನೊಕಾರ್ಸಿನೋಮ, ಟಿ2’ ಎಂದು ಬಂದಿದೆ, ಇನ್ನೊಂದು ದೊಡ್ಡ ಆಪರೇಷನ್ ಬೇಕು ಎಂದರು. ಪಿತ್ತಕೋಶವನ್ನೇ ತೆಗೆದ ಮೇಲೆ ಇನ್ನು ತೆಗೆಯುವುದೇನಿದೆ?
— ದಾವಣಗೆರೆಯ ಓದುಗರು

ಉತ್ತರ: ನಿಮ್ಮ ವೈದ್ಯರು ಹೇಳಿದ್ದು ಸರಿ. ಅಡಿನೊಕಾರ್ಸಿನೋಮ ಎಂದರೆ ಒಂದು ಬಗೆಯ ಕ್ಯಾನ್ಸರ್, ಟಿ2 ಎಂದರೆ ಅದು ಗೋಡೆಯಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಗುರುತು. ಏಕೆಂದು ತಿಳಿಯಲು ಪಿತ್ತಕೋಶದ ಗೋಡೆಯನ್ನು ಸ್ವಲ್ಪ ನೋಡಬೇಕು.

ಪಿತ್ತಕೋಶವೆಂದರೆ ಲಿವರಿನ ತಳಕ್ಕೆ ಅಂಟಿಕೊಂಡಿರುವ 7ರಿಂದ 10 ಸೆಂಟಿಮೀಟರ್ ಉದ್ದದ ಚೀಲ. ಅದರ ಗೋಡೆ ಬಲು ತೆಳು. ಒಳಗಡೆ ಲೋಳೆಪದರ, ಅದರಾಚೆ ಸ್ನಾಯುಪದರ, ಅದರಾಚೆ ಸಡಿಲವಾದ ಅಂಗಾಂಶ. ಹೊಟ್ಟೆಯ ಕಡೆಯಲ್ಲಿ ಇದರ ಮೇಲೆ ಒಂದು ಹೊರಹೊದಿಕೆ ಇದೆ. ಲಿವರಿಗೆ ತಾಗಿದ ಕಡೆ ಆ ಹೊದಿಕೆಯೂ ಇಲ್ಲ. ಗಡ್ಡೆ ಲೋಳೆಪದರದೊಳಗೇ ಇದ್ದರೆ ಟಿ1ಎ, ಸ್ನಾಯುವಿಗೆ ಇಳಿದಿದ್ದರೆ ಟಿ1ಬಿ, ಸ್ನಾಯು ದಾಟಿ ಸಡಿಲ ಅಂಗಾಂಶಕ್ಕೆ ಹೋಗಿದ್ದರೆ ಟಿ2. ಕಲ್ಲಿನ ಆಪರೇಷನ್‌ನಲ್ಲಿ ಪಿತ್ತಕೋಶವನ್ನು ಲಿವರಿನಿಂದ ಬಿಡಿಸುವುದು ಸರಿಯಾಗಿ ಈ ಸಡಿಲ ಅಂಗಾಂಶದ ನಡುವೆಯೇ. ಹಾಗಾಗಿ ಟಿ2 ಗಡ್ಡೆಯ ಕಣಗಳು ಲಿವರಿನ ಕಡೆ ಉಳಿದಿರಬಹುದು. ಜೊತೆಗೆ ಟಿ2 ಹಂತದಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಹತ್ತಿರದ ದುಗ್ಧಗ್ರಂಥಿಗಳಿಗೆ ರೋಗ ತಲುಪಿರುತ್ತದೆ. ಕಲ್ಲಿನ ಆಪರೇಷನ್‌ನಲ್ಲಿ ಆ ಗ್ರಂಥಿಗಳನ್ನು ಮುಟ್ಟುವುದಿಲ್ಲ.

ಎರಡನೇ ಆಪರೇಷನ್‌ನಲ್ಲಿ ಪಿತ್ತಕೋಶ ಕೂತಿದ್ದ ಜಾಗದ ಲಿವರನ್ನು ಸುಮಾರು 2 ಸೆಂಟಿಮೀಟರ್ ದಪ್ಪಕ್ಕೆ, ಇಲ್ಲವೇ 4ಬಿ ಮತ್ತು 5 ಎಂದು ಗುರುತಿಸುವ ಭಾಗಗಳನ್ನು ಪೂರ್ತಿ ತೆಗೆಯುತ್ತಾರೆ. ಪಿತ್ತನಾಳ ಮತ್ತು ಲಿವರಿನ ರಕ್ತನಾಳದ ಸುತ್ತಲಿನ ಗ್ರಂಥಿಗಳನ್ನೂ ತೆಗೆಯುತ್ತಾರೆ. ಕನಿಷ್ಠ 6 ಗ್ರಂಥಿಗಳಾದರೂ ಲ್ಯಾಬಿಗೆ ಹೋಗಬೇಕು. ಮೊದಲ ವರದಿಯಲ್ಲಿ ನಾಳದ ಕತ್ತರಿಸಿದ ತುದಿಯಲ್ಲಿ ರೋಗ ಕಂಡಿದ್ದರೆ ಮಾತ್ರ ಮುಖ್ಯ ಪಿತ್ತನಾಳವನ್ನು ಮುಟ್ಟಬೇಕಾದೀತು. ಕೀಹೋಲ್ ತೂತುಗಳ ಗಾಯದ ಗುರುತನ್ನು ಕತ್ತರಿಸಿ ತೆಗೆಯುವ ಪದ್ಧತಿ ಹಿಂದೆ ಇತ್ತು. ಅದರಿಂದ ಆಯುಸ್ಸು ಹೆಚ್ಚಲಿಲ್ಲ, ಹಾಗಾಗಿ ಈಗ ಎಲ್ಲರಿಗೂ ಮಾಡುವುದಿಲ್ಲ. ಹೊಟ್ಟೆ ತೆರೆಯುವ ಮೊದಲು ದುರ್ಬೀನು ಹಾಕಿ ನೋಡುವುದು ಒಳ್ಳೆಯದು. ಸ್ಕ್ಯಾನಿಗೆ ಕಾಣದ ಸಣ್ಣ ಸಣ್ಣ ಗಂಟುಗಳು ಹರಡಿರುವುದು ಕಂಡರೆ ದೊಡ್ಡ ಗಾಯ ತಪ್ಪುತ್ತದೆ.

ಮೊದಲ ಆಪರೇಷನ್ ಆಗಿ 4ರಿಂದ 8 ವಾರದೊಳಗೆ ಇದು ಆದರೆ ಒಳ್ಳೆಯದು. ನಿಮ್ಮಲ್ಲಿ ಆಗಲೇ ಮೂರು ವಾರ ಕಳೆದಿದೆ, ಈ ವಾರವೇ ಓಡಾಟ ಶುರುವಾಗಲಿ. ಮೊದಲ ಆಸ್ಪತ್ರೆಯಿಂದ ಲ್ಯಾಬಿನ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಕ್ಯಾನ್ಸರ್ ಆಸ್ಪತ್ರೆಯವರು ತಮ್ಮಲ್ಲೇ ಇನ್ನೊಮ್ಮೆ ನೋಡುತ್ತಾರೆ. ಆಪರೇಷನ್ ಟಿಪ್ಪಣಿಯೂ ಬೇಕು. ಪಿತ್ತಕೋಶ ಹರಿದು ಪಿತ್ತರಸ ಚೆಲ್ಲಿತೇ, ಅದನ್ನು ಚೀಲದಲ್ಲಿ ಹಾಕಿ ಹೊರತೆಗೆದರೇ, ಗಡ್ಡೆ ಲಿವರಿನ ಕಡೆ ಇತ್ತೇ ಹೊಟ್ಟೆಯ ಕಡೆಯೇ ಎಂಬುದು ಅದರಲ್ಲೂ ಲ್ಯಾಬ್ ವರದಿಯಲ್ಲೂ ಇರಬೇಕು. ಲಿವರಿನ ಕಡೆಯ ಗಡ್ಡೆಗೆ ಅಪಾಯ ಹೆಚ್ಚು. ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್ ಹೊಸದಾಗಿ ಆಗಬೇಕು.

ಆಮೇಲೆ ಸಾಮಾನ್ಯವಾಗಿ ಕೇಪ್‌ಸಿಟಾಬಿನ್ ಎಂಬ ಕೀಮೋ ಮಾತ್ರೆ ಕೊಡುತ್ತಾರೆ: 14 ದಿನ ಮಾತ್ರೆ, 7 ದಿನ ಬಿಡುವು, ಹೀಗೆ 8 ಸುತ್ತು, ಒಟ್ಟು ಸುಮಾರು ಆರು ತಿಂಗಳು. ಅಂಗೈ ಅಂಗಾಲು ಕೆಂಪಾಗಿ ಉರಿದು ಸಿಪ್ಪೆ ಏಳುವುದು, ಭೇದಿ ಆಗುವುದು ಇದರ ಮುಖ್ಯ ತೊಂದರೆ. ದಿನಕ್ಕೆ ನಾಲ್ಕಾರು ಸಲ ಹೆಚ್ಚಿಗೆ ಭೇದಿಯಾದರೆ ‘ಕೋರ್ಸ್ ಮುಗಿಸಿಬಿಡೋಣ’ ಎಂದು ಹಲ್ಲು ಕಚ್ಚಿ ನುಂಗಬಾರದು. ಮಾತ್ರೆ ನಿಲ್ಲಿಸಿ ಅಂದೇ ವೈದ್ಯರಿಗೆ ತಿಳಿಸಿ. ಪ್ರಮಾಣ ಇಳಿಸಿ ಮುಂದುವರಿಸಬಹುದು.

ಇದೇ ವರದಿಯಲ್ಲಿ ಟಿ1ಎ ಎಂದಿದ್ದು, ಕತ್ತರಿಸಿದ ತುದಿ ಶುದ್ಧವಾಗಿದ್ದರೆ ಮೊದಲ ಆಪರೇಷನ್ನೇ ಸಾಕಿತ್ತು. ವರದಿಯ ಒಂದು ಪುಟ್ಟ ಗುರುತಿನ ಮೇಲೆ ಇಷ್ಟು ನಿಂತಿದೆ. ಅದಕ್ಕೇ ಎಲ್ಲ ಓದುಗರಿಗೂ ಒಂದು ಮಾತು. ಕಲ್ಲನ್ನು ಡಬ್ಬಿಯಲ್ಲಿ ಹಾಕಿ ಮನೆಯವರ ಕೈಗೆ ಕೊಟ್ಟಾಗ ಅದನ್ನು ನೋಡಿ ಬೆರಗಾಗುತ್ತೇವೆ, ಪಿತ್ತಕೋಶ ಎಲ್ಲಿ ಹೋಯಿತು ಎಂದು ಕೇಳುವುದಿಲ್ಲ. ಕೇಳಿ. ತೆಗೆದ ಪ್ರತಿ ಪಿತ್ತಕೋಶವೂ ಫಾರ್ಮಲಿನ್‌ನಲ್ಲಿ ಲ್ಯಾಬಿಗೆ ಹೋಗಬೇಕು, ವರದಿಯನ್ನು ಯಾರಾದರೂ ತಂದು ಓದಿಸಬೇಕು. ನಿಮ್ಮ ಅತ್ತೆಯವರ ರೋಗ ಸಿಕ್ಕಿದ್ದು ಹಾಗೆ ಕಳಿಸಿದ್ದರಿಂದ.

ಪ್ರಶ್ನೆ: ನನ್ನ ಅಕ್ಕನಿಗೆ ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಪಿತ್ತಕೋಶದಲ್ಲಿ 11 ಮಿಲಿಮೀಟರ್ ಕಲ್ಲು ಕಂಡಿದೆ. ನೋವಿಲ್ಲ. ಕ್ಯಾನ್ಸರ್ ಆಗುತ್ತದೆಂದು ಹೆದರಿ ಬಾಳೆದಿಂಡಿನ ರಸ ಕುಡಿಯುತ್ತಿದ್ದಾಳೆ.
— ಹಾಸನದ ಓದುಗರು

ಉತ್ತರ: ಈ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಜನರಿಗೆ ಕಲ್ಲಿರುತ್ತದೆ. ಆದರೆ ಕಲ್ಲಿದ್ದವರಲ್ಲಿ ಕ್ಯಾನ್ಸರ್ ಆಗುವುದು ನೂರರಲ್ಲಿ ಒಬ್ಬಿಬ್ಬರಿಗೆ. ನೋವು ಕೊಡದ ಕಲ್ಲಿಗೆ ಎಲ್ಲರೂ ಆಪರೇಷನ್ ಮಾಡಿಸಬೇಕಿಲ್ಲ. ಕಲ್ಲು 3 ಸೆಂಟಿಮೀಟರ್ ದಾಟಿದ್ದರೆ, ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ಅಥವಾ ಗೋಡೆ ಒಂದೇ ಕಡೆ ದಪ್ಪವಾಗಿದ್ದರೆ ಮಾತು ಬೇರೆ. ಒಂದೇ ಕಡೆ ದಪ್ಪ ಎಂದು ಬರೆದಿದ್ದರೆ ಕೀಹೋಲ್‌ಗೆ ಮೊದಲು ಸಿಟಿ ಆಗಲೇಬೇಕು. ಸ್ಕ್ಯಾನಿಗೆ 6ರಿಂದ 8 ಗಂಟೆ ಖಾಲಿ ಹೊಟ್ಟೆಯಲ್ಲಿ ಹೋಗಿ; ತಿಂಡಿ ತಿಂದರೆ, ಹಾಲು ಬೆರೆಸಿದ ಕಾಫಿ ಕುಡಿದರೂ, ಪಿತ್ತಕೋಶ ಕುಗ್ಗಿ ಗೋಡೆ ದಪ್ಪವಾಗಿ ಕಾಣುತ್ತದೆ. ಬಾಳೆದಿಂಡಿನ ರಸ ನಮ್ಮಲ್ಲಿ ಮೂತ್ರದ ಕಲ್ಲಿಗೆ ಕುಡಿಯುವ ರೂಢಿ. ಪಿತ್ತಕೋಶದ ಕಲ್ಲಿಗೆ ಮೂತ್ರದ ದಾರಿಯೇ ಇಲ್ಲ.

ಪ್ರಶ್ನೆ: ನನಗೆ ಪಿತ್ತಕೋಶದಲ್ಲಿ 7 ಮಿಲಿಮೀಟರ್ ಪಾಲಿಪ್ ಇದೆ. ವಯಸ್ಸು 44.
— ಕಾರವಾರದ ಓದುಗರು

ಉತ್ತರ: ಪಾಲಿಪ್ ಎಂದರೆ ಒಳಗೋಡೆಯಿಂದ ಎದ್ದ ಸಣ್ಣ ಗಂಟು. ಅದು 10 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಪಿತ್ತಕೋಶ ತೆಗೆಸುವುದೇ ಸರಿ. 6ರಿಂದ 9ರ ನಡುವೆ ಇದ್ದಾಗ ಅಪಾಯದ ಲಕ್ಷಣ ನೋಡುತ್ತಾರೆ: 60 ದಾಟಿದ ವಯಸ್ಸು, ತೊಟ್ಟಿಲ್ಲದೆ ಗೋಡೆಗೇ ಅಂಟಿದ ಪಾಲಿಪ್, ಪಿತ್ತನಾಳಗಳ ದೀರ್ಘಕಾಲದ ಉರಿಯೂತ. 2022ರ ಯುರೋಪಿನ ಮಾರ್ಗಸೂಚಿ ಏಷ್ಯಾದವರಾಗಿರುವುದನ್ನೂ ಇದರಲ್ಲಿ ಸೇರಿಸಿದೆ. ಹಾಗೆ ನೋಡಿದರೆ ನಿಮಗೂ ಆಪರೇಷನ್ ಸಲಹೆ ಬರಬಹುದು. ದಕ್ಷಿಣ ಭಾರತದಲ್ಲಿ ಈ ರೋಗ ಉತ್ತರದಷ್ಟಿಲ್ಲ, ಆದ್ದರಿಂದ ಸರ್ಜನ್ ಜೊತೆ ಕೂತು ನಿರ್ಧರಿಸಿ. ಕಾಯುವುದಾದರೆ 6 ತಿಂಗಳು, 1 ವರ್ಷ, 2 ವರ್ಷಕ್ಕೆ ಸ್ಕ್ಯಾನ್ ತಪ್ಪಿಸಬೇಡಿ.

ಪ್ರಶ್ನೆ: ಕೆಲಸದ ಮೇಲೆ ಪಟ್ನಾದಲ್ಲಿದ್ದೇವೆ. ಇಲ್ಲಿ ಪರಿಚಿತರ ಮನೆಗಳಲ್ಲಿ ಈ ಕ್ಯಾನ್ಸರ್ ಬಹಳ. ಸಾಸಿವೆ ಎಣ್ಣೆ ಕಾರಣವೇ?
— ಪಟ್ನಾದ ಕನ್ನಡಿಗ ಓದುಗರು

ಉತ್ತರ: ಗಂಗಾ ಬಯಲು ಮತ್ತು ಅಸ್ಸಾಂನಲ್ಲಿ ಈ ರೋಗ ದಕ್ಷಿಣಕ್ಕಿಂತ ಬಹಳ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಸಾಸಿವೆ ಎಣ್ಣೆಯ ಮೇಲೆ, ಅದರಲ್ಲೂ ಆರ್ಜಿಮೋನ್ ಎಂಬ ಕಳೆಗಿಡದ ಬೀಜ ಬೆರೆತ ಎಣ್ಣೆಯ ಮೇಲೆ ಸಂಶಯವಿದೆ. ಬೋರ್‌ವೆಲ್ ನೀರಿನ ಆರ್ಸೆನಿಕ್, ಪಿತ್ತಕೋಶದಲ್ಲಿ ವರ್ಷಗಟ್ಟಲೆ ಉಳಿಯುವ ಟೈಫಾಯ್ಡ್ ರೋಗಾಣು ಕೂಡ ಆ ಪಟ್ಟಿಯಲ್ಲಿವೆ. 2017ರಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಕೇಂದ್ರದ ಅಧ್ಯಯನ ಪಿತ್ತರಸ ಸಾಗಿಸುವ ಎರಡು ವಂಶವಾಹಿಗಳ ವ್ಯತ್ಯಾಸವನ್ನೂ ಗುರುತಿಸಿತು. ಒಂದೇ ಕಾರಣ ಎನ್ನಲಾಗದು. ಮೊಹರಾದ ಎಣ್ಣೆ ಕೊಳ್ಳಿ, ನೀರನ್ನು ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಕಲ್ಲಿದ್ದರೆ ಅಲ್ಲಿನ ವೈದ್ಯರು ಬೇಗ ತೆಗೆಸಿ ಎಂದಾರು. ಆ ಊರಿನ ಮಟ್ಟಿಗೆ ಅದು ಸರಿಯಾದ ಸಲಹೆ.

ಪ್ರಶ್ನೆ: ಅಪ್ಪನಿಗೆ 63. ಕಾಮಾಲೆ ಎಂದು ಐದು ವಾರ ನಾಟಿ ಔಷಧಿ ಕೊಡಿಸಿದೆವು. ಈಗ ಸ್ಕ್ಯಾನ್‌ನಲ್ಲಿ ಪಿತ್ತಕೋಶದ ಗಡ್ಡೆ ಲಿವರಿಗೂ ಹರಡಿದೆ ಎಂದಿದ್ದಾರೆ. ಸಿಎ 19-9 ಪರೀಕ್ಷೆ 480 ಬಂದಿದೆ. ಸೂಜಿ ಹಾಕಿದರೆ ರೋಗ ಹರಡುತ್ತದೆಯೇ? ಏನು ಮಾಡಬಹುದು?
— ರಾಯಚೂರಿನ ಓದುಗರು

ಉತ್ತರ: ನೀವು ನಿಮ್ಮನ್ನೇ ದೂಷಿಸಿಕೊಳ್ಳಬೇಡಿ. ವೈರಸ್‌ನಿಂದ ಬರುವ ಕಾಮಾಲೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಹೆಸರು ಮಾತ್ರ ಸೊಪ್ಪಿನ ರಸಕ್ಕೆ ಬರುತ್ತದೆ. ನಂಬಿಕೆ ಬೆಳೆದದ್ದು ಹೀಗೆ. ನಾಳ ಕಟ್ಟಿಕೊಂಡು ಬರುವ ಕಾಮಾಲೆಯ ಗುರುತು ಬೇರೆ: ಮಲ ಬೂದಿಯಂತೆ ಬಿಳಿಚುತ್ತದೆ, ಮೂತ್ರ ಕಡುಬಣ್ಣವಾಗುತ್ತದೆ, ಮೈಯೆಲ್ಲ ತುರಿಕೆ. ಇವು ಕಂಡ ದಿನವೇ ಅಲ್ಟ್ರಾಸೌಂಡ್ ಆಗಬೇಕು.

ಸಿಎ 19-9 ಎಂಬುದು ಕ್ಯಾನ್ಸರಿನ ಸುಳಿವಿಗೆ ನೋಡುವ ರಕ್ತಪರೀಕ್ಷೆ, ಸಾಮಾನ್ಯವಾಗಿ 37ರೊಳಗಿರುತ್ತದೆ. ಆದರೆ ನಾಳ ಕಟ್ಟಿದ್ದಾಗ ಬರೀ ಕಲ್ಲಿದ್ದರೂ ಅದು ಏರುತ್ತದೆ, ಆದ್ದರಿಂದ 480 ನೋಡಿಯೇ ಏನನ್ನೂ ತೀರ್ಮಾನಿಸಬೇಡಿ. ಸೂಜಿಯ ಭಯಕ್ಕೆ ಆಧಾರವಿದೆ: ತೆಗೆಯಬಹುದಾದ ಗಡ್ಡೆಗೆ ಸೂಜಿ ಚುಚ್ಚುವುದಿಲ್ಲ, ನೇರ ಆಪರೇಷನ್. ತೆಗೆಯಲಾಗದು ಎಂದು ಖಚಿತವಾದರೆ ಬಯಾಪ್ಸಿ, ಅಂದರೆ ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸುವುದು, ಬೇಕೇ ಬೇಕು. ಪಿತ್ತಕೋಶದ ಒಂದು ಬಗೆಯ ಹಳೆಯ ಉರಿಯೂತವೂ ಸ್ಕ್ಯಾನ್‌ನಲ್ಲಿ ಥೇಟ್ ಕ್ಯಾನ್ಸರಿನಂತೆ ಕಾಣುತ್ತದೆ. ಬಯಾಪ್ಸಿ ಇಲ್ಲದೆ ಕೀಮೋ ಕೊಡುವುದು ತಪ್ಪು. ಅದೇ ತುಣುಕಿನಲ್ಲಿ ಹರ್2 ಎಂಬ ಪ್ರೋಟೀನಿನ ಪರೀಕ್ಷೆಯನ್ನೂ ಕೇಳಿ. ಅದು ಪಾಸಿಟಿವ್ ಇದ್ದ ಕೆಲವರಿಗೆ ಬೇರೆ ಔಷಧಿಯ ದಾರಿ ತೆರೆಯುತ್ತದೆ.

ಮೊದಲು ಕಾಮಾಲೆ ಇಳಿಯಬೇಕು. ಬಾಯಿಯ ಮೂಲಕ ಅಥವಾ ಪಕ್ಕೆಯಿಂದ ಲಿವರಿನೊಳಗೆ ಕೊಳವೆ (ಸ್ಟೆಂಟ್) ಹಾಕಿ ಪಿತ್ತರಸಕ್ಕೆ ದಾರಿ ಮಾಡುತ್ತಾರೆ. ಅದಕ್ಕೆ ಮುನ್ನ ಸಿಟಿ ಅಥವಾ ಎಂಆರ್‌ಐ ಮುಗಿದಿರಲಿ, ಸ್ಟೆಂಟ್ ಹಾಕಿದ ಮೇಲೆ ಚಿತ್ರ ಸ್ಪಷ್ಟವಾಗಿ ಬರುವುದಿಲ್ಲ. ಕಾಮಾಲೆಯಲ್ಲಿ ರಕ್ತ ಬೇಗ ಹೆಪ್ಪುಗಟ್ಟದ ಕಾರಣ ಆ ಪರೀಕ್ಷೆ ಮಾಡಿ ವಿಟಮಿನ್ ಕೆ ಚುಚ್ಚುತ್ತಾರೆ.

ಕಾಮಾಲೆಯಲ್ಲಿ ರಕ್ತದಲ್ಲಿ ಏರುವ ಹಳದಿ ವಸ್ತು ಬಿಲಿರುಬಿನ್ ಇಳಿದ ಮೇಲೆ ಕೀಮೋ, ಅಂದರೆ ಜೆಮ್‌ಸಿಟಾಬಿನ್ ಮತ್ತು ಸಿಸ್‌ಪ್ಲಾಟಿನ್: 21 ದಿನದ ಸುತ್ತಿನಲ್ಲಿ 1ನೇ ಮತ್ತು 8ನೇ ದಿನ. ಸಿಸ್‌ಪ್ಲಾಟಿನ್ ಕಿಡ್ನಿಗೆ ಕಷ್ಟ, ನೀರು ಚೆನ್ನಾಗಿ ಕುಡಿಸಿ. ದೇಹದ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ದುರ್ವಾಲುಮಾಬ್ ಅಥವಾ ಪೆಂಬ್ರೊಲಿಜುಮಾಬ್ ಸೇರಿಸಿದರೆ ಸ್ವಲ್ಪ ಲಾಭವಿದೆ, ಖರ್ಚು ವಿಪರೀತ. ಅದಕ್ಕಾಗಿ ಹೊಲ ಮಾರಬೇಡಿ ಎಂದೇ ನಾವು ಹೇಳುತ್ತೇವೆ. ಈ ಹಂತದಲ್ಲಿ ಕೀಮೋ ರೋಗವನ್ನು ಪೂರ್ತಿ ವಾಸಿ ಮಾಡುವುದಿಲ್ಲ. ದೆಹಲಿಯ ಏಮ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಪರೇಷನ್ ಆಗದ ರೋಗಿಗಳು ಬರೀ ಆರೈಕೆಯಲ್ಲಿ ಸರಾಸರಿ ನಾಲ್ಕೂವರೆ ತಿಂಗಳು, ಜೆಮ್‌ಸಿಟಾಬಿನ್ ಜೊತೆ ಆಕ್ಸಾಲಿಪ್ಲಾಟಿನ್ ಪಡೆದವರು ಒಂಬತ್ತೂವರೆ ತಿಂಗಳು ಬದುಕಿದ್ದರು. ಅಪ್ಪ ಎದ್ದು ಓಡಾಡಿಕೊಂಡಿದ್ದರೆ ಕೀಮೋ ಕೊಡಿಸಿ. ಹಾಸಿಗೆ ಹಿಡಿದಿದ್ದರೆ ಅದು ದೇಹವನ್ನು ಇನ್ನಷ್ಟು ಕುಗ್ಗಿಸುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವಾಗ ಕಾರ್ಡು, ಆಧಾರ್, ಹಳೆಯ ಸ್ಕ್ಯಾನ್‌ಗಳ ಫಿಲಂ ಅಥವಾ ಸಿಡಿ ಕೈಯಲ್ಲಿರಲಿ.

ನೋವಿಗೆ ಮಾರ್ಫಿನ್ ಮಾತ್ರೆ ಬರೆದರೆ ಹೆದರಿ ಹಿಂದಿಡಬೇಡಿ. ನೋವಿಗೆ ತಕ್ಕಷ್ಟು ಕೊಟ್ಟಾಗ ಚಟ ಹಿಡಿಯುವುದು ಅಪರೂಪ, ಮಲಬದ್ಧತೆ ಮಾತ್ರ ಖಂಡಿತ. ಅದಕ್ಕೆ ಮೊದಲ ದಿನದಿಂದಲೇ ಮಲ ಸಡಿಲಿಸುವ ಔಷಧಿ ಜೊತೆಗಿರಲಿ. ಪ್ಲಾಸ್ಟಿಕ್ ಸ್ಟೆಂಟ್ ಹಾಕಿದ್ದರೆ ಸುಮಾರು ಮೂರು ತಿಂಗಳಿಗೆ ಕಟ್ಟಿಕೊಳ್ಳುತ್ತದೆ, ಬದಲಿಸುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಸ್ಟೆಂಟ್ ಇದ್ದವರಿಗೆ ಚಳಿ ನಡುಕದ ಜ್ವರ ಬಂದರೆ ಅದು ನಾಳದ ಸೋಂಕು. ರಾತ್ರಿ ಎಷ್ಟು ಹೊತ್ತಾದರೂ ಸರಿ, ಜ್ವರದ ಮಾತ್ರೆ ಕೊಟ್ಟು ಬೆಳಗಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.