ವೀವ್ ಪೋಲ್ ಬಂದ ತಕ್ಷಣ ನೆಲ ಮೂಸುತ್ತದಾ?
ಅಜಿಲಿಟಿಯಲ್ಲಿ (ನಾಯಿಗಳ ಅಡೆತಡೆ ಓಟ) ನಿಮ್ಮ ಬೀಗಲ್ ನಾಯಿ ಜಂಪ್, ಟನಲ್ ಎಲ್ಲ ಖುಷಿಯಿಂದ ಮಾಡುತ್ತದೆ, ವೀವ್ ಪೋಲ್ (ನಾಯಿ ಎಡಕ್ಕೆ ಬಲಕ್ಕೆ ಹೊರಳುತ್ತಾ ನುಸುಳಿ ಹೋಗುವ ಕಂಬಗಳ ಸಾಲು) ಕಂಡರೆ ಮಾತ್ರ ನೆಲ ಮೂಸುತ್ತಾ ನಿಲ್ಲುತ್ತದೆ ಅಂದಿದ್ದೀರಿ. ಅದು ಹಟ ಅಲ್ಲ. ಬಹುಶಃ ಏನು ಮಾಡಬೇಕೆಂದು ಗೊತ್ತಾಗುತ್ತಿಲ್ಲ. (ಮೂಸಲು ಬೀಗಲ್‌ಗೆ ನೆಪ ಬೇರೆ ಬೇಕಾ!)

ಸ್ಪರ್ಧೆಯಲ್ಲಿರುವ ಹಾಗೆ 12 ಕಂಬ ಈಗಲೇ ಬೇಡ, ಎರಡರಿಂದ ಶುರು ಮಾಡಿ. ಒಳಗೆ ನುಗ್ಗುವಾಗ ಮೊದಲ ಕಂಬ ಯಾವಾಗಲೂ ನಾಯಿಯ ಎಡ ಭುಜದ ಪಕ್ಕ ಇರಬೇಕು. ಅಷ್ಟು ಸರಿ ಮಾಡಿದರೂ ತಿಂಡಿ ಕೊಡಿ. ಆದರೆ ಕೈಯಿಂದಲ್ಲ, ಕಂಬದಾಚೆ ಇಟ್ಟ ತಟ್ಟೆಯಲ್ಲಿ. ಕೈಯಿಂದ ಕೊಟ್ಟರೆ ನಿಮ್ಮ ಮುಖ ನೋಡುತ್ತಾ ನಿಧಾನವಾಗುತ್ತದೆ. ಹುಲ್ಲಿಗೆ ಎಸೆದರೆ ಮತ್ತೆ ಮೂಸುವುದೇ ಆಯಿತಲ್ವಾ? ಒಣ ಬಿಸ್ಕತ್ತಿಗಿಂತ ಉಪ್ಪು ಹಾಕದೆ ಬೇಯಿಸಿದ ಚಿಕನ್ ಚೂರು ಜಾಸ್ತಿ ಕೆಲಸ ಮಾಡುತ್ತದೆ. ಇನ್ನೂ ಬೇಕು ಅನ್ನುವಾಗಲೇ ಆಟ ನಿಲ್ಲಿಸಿ.

ಅಂದಹಾಗೆ, ವರ್ಷ ತುಂಬದ ಮರಿಯಾದರೆ ಪೂರ್ತಿ ಸಾಲು ಸದ್ಯಕ್ಕೆ ಬೇಡ. ಬೆಳೆಯುವ ಬೆನ್ನು, ಕೀಲುಗಳಿಗೆ ಒತ್ತಡ ಬೀಳುತ್ತದೆ.