ಹದಿನೇಳು ಜಾಗ, ನಾಲ್ಕು ದಿನ, ಒಂದು ಸೋಮವಾರ

ಪ್ರಶ್ನೆ: ದಸರಾ ರಜೆಯಲ್ಲೋ ಡಿಸೆಂಬರ್ ಕೊನೆಗೋ ದೆಹಲಿಗೆ ಹೋಗೋಣ ಅಂತಿದ್ದೇವೆ. ನಾವಿಬ್ಬರು, 10 ಮತ್ತು 13 ವರ್ಷದ ಮಕ್ಕಳು, ಜೊತೆಗೆ ಅತ್ತೆ, ಮಾವ. ಅತ್ತೆಗೆ ಮಂಡಿ ನೋವು. ಮಾವನವರಿಗೆ ಮಧ್ಯಾಹ್ನ ಅನ್ನ ಬೇಕೇ ಬೇಕು. ಶನಿವಾರ ರಾತ್ರಿ ತಲುಪಿ, ಬುಧವಾರ ರಾತ್ರಿಯ ವಿಮಾನಕ್ಕೆ ವಾಪಸ್. ಹದಿನೇಳು ಜಾಗ ಪಟ್ಟಿ ಮಾಡಿದ್ದೇನೆ. ಭಾನುವಾರ ಆಗ್ರಾ ಮುಗಿಸಿ ಸಂಜೆ ಕುತುಬ್ ಮಿನಾರ್. ಸೋಮವಾರ ಕೆಂಪುಕೋಟೆ, ನ್ಯಾಷನಲ್ ಮ್ಯೂಸಿಯಂ, ರೈಲ್ ಮ್ಯೂಸಿಯಂ, ಅಕ್ಷರಧಾಮ. ಸರಿ ಇದೆಯೇ?
— ಓದುಗಿ, ದಾವಣಗೆರೆ

ಉತ್ತರ: ನಿಮ್ಮ ಸೋಮವಾರ ನೋಡಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಆ ನಾಲ್ಕೂ ಜಾಗಗಳಿಗೆ ಸೋಮವಾರ ರಜೆ! ನಾನೇನು ಕಮ್ಮಿ ಇಲ್ಲ. ದೆಹಲಿಯಲ್ಲಿ ಕೆಲಸಕ್ಕಿದ್ದಾಗ ಊರಿಂದ ಬಂದ ಅಪ್ಪನನ್ನು ಕೆಂಪುಕೋಟೆಗೆ ಕರೆದೊಯ್ದದ್ದು ಸೋಮವಾರವೇ. ಮುಚ್ಚಿದ ಲಾಹೋರಿ ಗೇಟಿನ ಮೇಲಿನ ಬಾವುಟವನ್ನು ದೂರದಿಂದಲೇ ನೋಡಿ ಅಪ್ಪ, "ಇಷ್ಟನ್ನ ಪ್ರತಿ ಆಗಸ್ಟ್ 15ಕ್ಕೆ ಟಿವೀಲೇ ನೋಡ್ತೀನಲ್ಲೋ" ಅಂದರು. ಎರಡು ದಿನ ಬಿಟ್ಟು ಮತ್ತೆ ಹೋದೆವು.

ಮೊದಲು ಯಾವಾಗ ಅನ್ನೋದು. ದಸರಾ ರಜೆಗೇ ಹೋಗಿ. ಡಿಸೆಂಬರ್ ಕೊನೆಯಲ್ಲಿ ಮಂಜು ಬಿದ್ದರೆ ರೈಲು, ವಿಮಾನ ಎರಡೂ ತಡ. ಮಂಡಿ ನೋವಿನವರಿಗೆ ಆ ಚಳಿಯೂ ಆಗಿಬರುವುದಿಲ್ಲ. ವಿಜಯದಶಮಿಯ ಸಂಜೆ ಮಾತ್ರ ಹಳೇ ದೆಹಲಿ ಕಡೆ ಸುಳಿಯಬೇಡಿ. ಅವತ್ತು ರಾವಣನನ್ನು ಸುಡುವುದು ನೋಡಲು ಊರಿಗೆ ಊರೇ ಅಲ್ಲಿರುತ್ತದೆ.

ಇನ್ನು ನಿಮ್ಮ ಹದಿನೇಳು. ಏಳಕ್ಕೆ ಇಳಿಸಿ. ಲೋಟಸ್ ಟೆಂಪಲ್, ಅಕ್ಷರಧಾಮ, ಮೂರು ಮಾರ್ಕೆಟ್ಟುಗಳು ಎಲ್ಲಕ್ಕೂ ಗೀಟು ಹಾಕಿದ್ದೇನೆ. ಮಕ್ಕಳು ಹಟ ಮಾಡಿದರೆ ಒಂದನ್ನು ಸೇರಿಸಿಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ.

ಭಾನುವಾರ ಬೆಳಿಗ್ಗೆ ಜನಪಥದ ನ್ಯಾಷನಲ್ ಮ್ಯೂಸಿಯಂ. ಎಲ್ಲ ಗ್ಯಾಲರಿ ನೋಡುತ್ತೇವೆ ಅಂತ ಹೊರಟರೆ ಅರ್ಧ ದಾರಿಯಲ್ಲೇ ಮಕ್ಕಳು ಕೂತುಬಿಡುತ್ತಾರೆ. ನೇರ ಹರಪ್ಪ ಗ್ಯಾಲರಿಗೆ ಹೋಗಿ. ಪಠ್ಯಪುಸ್ತಕದಲ್ಲಿ ನೋಡಿ ನೋಡಿ ಮೊಹೆಂಜೊದಾರೊದ ನರ್ತಕಿ ಎಷ್ಟೋ ದೊಡ್ಡ ವಿಗ್ರಹ ಅಂದುಕೊಂಡಿರುತ್ತೇವೆ ಅಲ್ವಾ? ಹತ್ತೂವರೆ ಸೆಂಟಿಮೀಟರ್, ಅಷ್ಟೇ. ಒಂದು ಕೈ ಸೊಂಟದ ಮೇಲೆ, ಗಲ್ಲ ಸ್ವಲ್ಪ ಮೇಲೆ, "ಏನೀಗ?" ಅನ್ನೋ ಹಾಗೆ ನಿಂತಿದ್ದಾಳೆ. ಎಡಗೈ ತುಂಬ ಬಳೆ, ಬಲಗೈಯಲ್ಲಿ ನಾಲ್ಕೇ ನಾಲ್ಕು. ಮಕ್ಕಳಿಗೆ ಬಳೆ ಎಣಿಸಲು ಹೇಳಿ. ನನ್ನ ಮಗಳು ಮೂರು ಸಲ ಎಣಿಸಿ ಮೂರು ಲೆಕ್ಕ ಹೇಳಿದ್ದಳು.

ಊಟಕ್ಕೆ ಆಂಧ್ರ ಭವನದ ಕ್ಯಾಂಟೀನ್. ಅನ್ನ, ಪಪ್ಪು, ಪುಡಿ, ತುಪ್ಪ. ಭಾನುವಾರ ಕ್ಯೂ ಉದ್ದ ಇರುತ್ತದೆ, ಸ್ವಲ್ಪ ಬೇಗ ಹೋಗಿ. ಮಾವನವರು ನಿಮ್ಮನ್ನು ಹರಸುತ್ತಾರೆ.

ಊಟ ಆದ ಮೇಲೆ ತೀಸ್ ಜನವರಿ ಮಾರ್ಗದ ಗಾಂಧಿ ಸ್ಮೃತಿ. ಇದು ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ, ನಾನೇ ಸೇರಿಸಿದ್ದು. ಗಾಂಧೀಜಿ ಕೊನೆಯ 144 ದಿನ ಇದ್ದ ಮನೆ. 1948ರ ಜನವರಿ 30ರ ಸಂಜೆ ಅವರು ಕೋಣೆಯಿಂದ ಪ್ರಾರ್ಥನೆಗೆ ನಡೆದ ದಾರಿಯಲ್ಲಿ ಹೆಜ್ಜೆಗಳನ್ನು ಅಚ್ಚು ಹಾಕಿದ್ದಾರೆ. ಅಪ್ಪ ಅದರ ಪಕ್ಕದಲ್ಲೇ ನಡೆದರು. ಹೆಜ್ಜೆ ನಿಲ್ಲುವ ಜಾಗ ಬಂದಾಗ ಅವರೂ ನಿಂತರು. ಅವತ್ತು ರಾತ್ರಿವರೆಗೆ ಹೆಚ್ಚು ಮಾತಾಡಲಿಲ್ಲ. ಟಿಕೆಟ್ ಇಲ್ಲ, ಗದ್ದಲವೂ ಕಡಿಮೆ. ಸಂಜೆ ದೀಪ ಹತ್ತಿದ ಮೇಲೆ ಇಂಡಿಯಾ ಗೇಟ್.

ಸೋಮವಾರಕ್ಕೆ ಕುತುಬ್ ಮಿನಾರ್ ಮತ್ತು ಹುಮಾಯೂನ್ ಸಮಾಧಿ. ಇವೆರಡಕ್ಕೂ ವಾರದ ರಜೆ ಇಲ್ಲ. ಬೆಳಿಗ್ಗೆ ಬೇಗ ಹುಮಾಯೂನ್ ಸಮಾಧಿ. ಮೇಲೆ ಹತ್ತುವ ಮೆಟ್ಟಿಲುಗಳು ಕಡಿದು, ಎತ್ತರ. ಅತ್ತೆಯವರು ಕೆಳಗೆ ತೋಟದಲ್ಲಿ ಕೂತೇ ನೋಡಲಿ, ಏನೂ ನಷ್ಟವಿಲ್ಲ. ಕುತುಬ್‌ನಲ್ಲಿ ಹೆಚ್ಚುಕಡಿಮೆ ನೆಲ ಸಮತಟ್ಟು. ಮಿನಾರಿನೊಳಗೆ ಹತ್ತಲು ಬಿಡುವುದಿಲ್ಲ. 1981ರಲ್ಲಿ ಒಳಗೆ ಕಾಲ್ತುಳಿತ ಆಗಿ 45 ಜನ ಸತ್ತರು, ಆಮೇಲೆ ಬಾಗಿಲು ತೆರೆದಿಲ್ಲ. ಅಂಗಳದ ಕಬ್ಬಿಣದ ಕಂಬವನ್ನು ಮಾತ್ರ ಬಿಡಬೇಡಿ. ಏಳು ಮೀಟರ್ ಎತ್ತರ, ಆರು ಟನ್‌ಗೂ ಜಾಸ್ತಿ ತೂಕ. ಸುಮಾರು 1600 ವರ್ಷದಿಂದ ಮಳೆಗೆ ನೆಂದರೂ ತಿಂದುಹೋಗಿಲ್ಲ. ಕಬ್ಬಿಣದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ ಇರುವುದರಿಂದ ಮೇಲೆ ತೆಳ್ಳಗೊಂದು ಪದರ ಕಟ್ಟಿಕೊಂಡು ಕಾಯುತ್ತದಂತೆ. ನಮ್ಮ ಮನೆ ಗೇಟು ಮೂರು ಮಳೆಗಾಲ ತಡೆಯಲಿಲ್ಲ!

ಮಂಗಳವಾರ ಇಡೀ ದಿನ ಆಗ್ರಾಕ್ಕೆ. ಅರ್ಧ ದಿನದಲ್ಲಿ ಮುಗಿಯುವ ಊರಲ್ಲ ಅದು. ಹಜ್ರತ್ ನಿಜಾಮುದ್ದೀನ್ ಸ್ಟೇಷನ್ನಿನಿಂದ ಬೆಳಿಗ್ಗೆ ಗತಿಮಾನ್ ಎಕ್ಸ್‌ಪ್ರೆಸ್ ಹಿಡಿದರೆ ನೂರು ನಿಮಿಷದಲ್ಲಿ ಆಗ್ರಾ, ಸಂಜೆ ಅದರಲ್ಲೇ ವಾಪಸ್. ತಾಜ್ ಮಹಲಿಗೆ ಶುಕ್ರವಾರ ರಜೆ, ನಿಮಗೆ ಅದರ ತೊಂದರೆ ಇಲ್ಲ.

ಬುಧವಾರ ಬೆಳಿಗ್ಗೆ ಕೆಂಪುಕೋಟೆ. ಮೆಟ್ರೋದಲ್ಲಿ ಲಾಲ್ ಕಿಲಾ ಸ್ಟೇಷನ್ನಿನಲ್ಲೇ ಇಳಿಯಿರಿ. ದಾರಿಯಲ್ಲಿ ಯಾರಾದರೂ ಆಟೋದವರು "ಇವತ್ತು ಬಂದ್, ಬೇರೆ ಒಳ್ಳೇ ಜಾಗ ತೋರಿಸ್ತೀನಿ" ಅಂದರೆ ಸುಮ್ನೆ ಮುಂದೆ ನಡೆಯಿರಿ. ಆ ಒಳ್ಳೇ ಜಾಗ ಅಂದರೆ ಶಾಲು ಮಾರುವ ಅಂಗಡಿ. ನಾನು ಎರಡು ಶಾಲು ತಂದಿದ್ದೇನೆ. ಕೋಟೆಯೊಳಗೆ ನಡಿಗೆ ಜಾಸ್ತಿ. ಛತ್ತಾ ಚೌಕ್ ದಾಟಿ ದಿವಾನ್-ಎ-ಆಮ್, ದಿವಾನ್-ಎ-ಖಾಸ್ ನೋಡಿದರೆ ಸಾಕು, ಅತ್ತೆಯವರಿಗೆ ಅಲ್ಲಲ್ಲಿ ಕೂರಿಸಿಕೊಂಡು ಹೋಗಿ.

ಮಧ್ಯಾಹ್ನ ಚಾಣಕ್ಯಪುರಿಯ ರೈಲ್ ಮ್ಯೂಸಿಯಂ. ಚಿಕ್ಕ ಮಗುವಿಗೆ ಪುಟಾಣಿ ರೈಲು, ಮಾವನವರಿಗೆ ಮೈಸೂರು ಮಹಾರಾಜರ ಸಲೂನ್ ಬೋಗಿ. ಅಷ್ಟು ದೂರ ಹೋಗಿ ನಮ್ಮೂರಿನದೇ ಬೋಗಿ ನೋಡಿ ಅಪ್ಪ ಅದರ ಮುಂದೆಯೇ ಫೋಟೋ ತೆಗೆಸಿಕೊಂಡಿದ್ದರು. ಲಗೇಜನ್ನು ಹೋಟೆಲಿನಲ್ಲೇ ಬಿಟ್ಟಿರಿ. ಐದಕ್ಕೆ ಅಲ್ಲಿಂದ ಹೊರಟರೆ ಲಗೇಜ್ ಎತ್ತಿಕೊಂಡು ರಾತ್ರಿ ವಿಮಾನಕ್ಕೆ ಆರಾಮಾಗಿ ಹೋಗಬಹುದು.