ನೀರು ಒಳಗೆ ಹೋಗುತ್ತೆ, ಹೊರಗೆ ಬರ್ತಿಲ್ಲ

ಪ್ರಶ್ನೆ: ಅಮ್ಮನಿಗೆ 62 ವರ್ಷ. ಎಂಟು ತಿಂಗಳಿಂದ ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್ (ಪೈಪಿನಿಂದ ಹೊಟ್ಟೆಯೊಳಗೆ ಡಯಾಲಿಸಿಸ್ ನೀರು ತುಂಬಿಸಿ ಮತ್ತೆ ಹೊರಗೆ ಬಿಡುವುದು) ಮಾಡುತ್ತಿದ್ದೇವೆ. ಮೂರು ದಿನದಿಂದ 2 ಲೀಟರ್ ನೀರು ಸಲೀಸಾಗಿ ಒಳಗೆ ಹೋಗುತ್ತದೆ, ಆದರೆ ಒಂದೂವರೆ ಲೀಟರ್ ಕೂಡ ಹೊರಗೆ ಬರುತ್ತಿಲ್ಲ. ಪೈಪ್ ಕಟ್ಟಿಕೊಂಡಿದೆಯಾ? ಹೊಸದು ಹಾಕಿಸಬೇಕಾ?

ಉತ್ತರ: ಹೊಸ ಪೈಪಿನ ಮಾತು ಆಮೇಲೆ. ಅಮ್ಮನಿಗೆ ಮೋಷನ್ ಸರಿಯಾಗಿ ಆಗ್ತಿದೆಯಾ? ನಗಬೇಡಿ. ಸಲೀಸಾಗಿ ಒಳಗೆ ಹೋಗಿ ಹೊರಗೆ ಬಾರದಿದ್ದರೆ ನಾವು ಮೊದಲು ಅನುಮಾನಿಸುವುದೇ ಮಲಬದ್ಧತೆಯನ್ನು. ಪೈಪಿನ ತುದಿ ಕಿಬ್ಬೊಟ್ಟೆಯ ತಳದಲ್ಲಿರುತ್ತದೆ. ಪಕ್ಕದ ಕರುಳು ತುಂಬಿಕೊಂಡರೆ ಅದರ ತೂತುಗಳ ಮೇಲೆ ಒತ್ತುತ್ತದೆ, ಕೆಲವೊಮ್ಮೆ ತುದಿಯನ್ನೇ ಮೇಲಕ್ಕೆ ತಳ್ಳುತ್ತದೆ. ಹಣ್ಣು ಕಮ್ಮಿ, ನೀರು ಕಮ್ಮಿ, ಮೇಲೆ ಕಬ್ಬಿಣದ ಮಾತ್ರೆ, ಕಟ್ಟದೆ ಇನ್ನೇನು? ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ಪಿಗೇ ಎಷ್ಟೋ ಜನರ ಪೈಪ್ ಸರಿಹೋಗುತ್ತದೆ. ಡೋಸ್ ನಿಮ್ಮ ಡಾಕ್ಟರನ್ನು ಕೇಳಿ. ಮೆಗ್ನೀಸಿಯಂ ಇರುವ ಭೇದಿ ಔಷಧ, ಫಾಸ್ಫೇಟ್ ಎನಿಮಾ ಮಾತ್ರ ಬೇಡ.

ಕ್ಲ್ಯಾಂಪ್ ಪೂರ್ತಿ ತೆರೆದಿದೆಯಾ, ಲಂಗದ ಲಾಡಿ ಪೈಪನ್ನು ಅಮುಕಿದೆಯಾ ನೋಡಿ. ನೀರು ಇಳಿಯುವಾಗ ಮಗ್ಗುಲು ಬದಲಿಸಲಿ, ಎದ್ದು ನಿಲ್ಲಲಿ.

ಬ್ಯಾಗಿನಲ್ಲಿ ಹತ್ತಿಯ ಎಳೆಯಂಥ ಬಿಳಿ ದಾರ ತೇಲುತ್ತಿದ್ದರೆ ಅದು ಫೈಬ್ರಿನ್, ಹೆಪ್ಪುಗಟ್ಟಿಸುವ ಪ್ರೋಟೀನಿನ ಎಳೆ. ಅದು ಗಟ್ಟಿಯಾಗಿ ಕೂತರೆ ಸಾಮಾನ್ಯವಾಗಿ ನೀರು ಒಳಗೆ ಹೋಗುವುದೂ ಹೊರಗೆ ಬರುವುದೂ ಎರಡೂ ಕಟ್ಟುತ್ತದೆ. ಅದಕ್ಕೆ ಲೀಟರಿಗೆ 500ರಿಂದ 1000 ಯೂನಿಟ್ ಹೆಪಾರಿನ್ ಎಂಬ ಹೆಪ್ಪುಗಟ್ಟದಂತೆ ತಡೆಯುವ ಔಷಧ ಸೇರಿಸುತ್ತೇವೆ. ಬಗ್ಗದಿದ್ದರೆ ಆಸ್ಪತ್ರೆಯಲ್ಲಿ ಸಿರಿಂಜಿನಿಂದ ಸಲೈನ್ ಹಾಯಿಸುತ್ತೇವೆ, ಇಲ್ಲವೇ ಪೈಪಿನೊಳಗೆ ಆಲ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಔಷಧ ತುಂಬಿ ಒಂದೆರಡು ಗಂಟೆ ಬಿಡುತ್ತೇವೆ. ಮನೆಯಲ್ಲಿ ಸಿರಿಂಜ್ ಹಾಕಿ ಎಳೆಯಬೇಡಿ. ಕರುಳಿನ ಮೇಲೆ ಸೆರಗಿನ ಹಾಗೆ ಇಳಿಬಿದ್ದ ಓಮೆಂಟಮ್ ಎಂಬ ಕೊಬ್ಬಿನ ಪದರ ತೂತಿಗೆ ಸಿಕ್ಕಿಕೊಂಡೀತು.

ಮೋಷನ್ ಆಗಿ ಹೊಟ್ಟೆ ಖಾಲಿಯಾದರೂ ನೀರು ಬಾರದಿದ್ದರೆ ಎಕ್ಸ್‌ರೇ ಮಾಡಿಸಿ. ಪೈಪಿನ ತುದಿ ಎಲ್ಲಿದೆ, ಮಲ ಎಷ್ಟು ತುಂಬಿದೆ, ಎರಡೂ ಒಂದೇ ಫಿಲ್ಮಿನಲ್ಲಿ ಕಾಣುತ್ತವೆ. ಮೇಲೆ ಹೋದ ತುದಿಯನ್ನು ಒಳಗೆ ತಂತಿ ತೂರಿಸಿ ಕೆಳಗೆ ತರಬಹುದು, ಆದರೆ ಅದು ಮತ್ತೆ ಜಾರುವುದು ಜಾಸ್ತಿ. ನನಗೆ ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಲ್ಯಾಪರೋಸ್ಕೋಪಿಯ ಮೇಲೇ ನಂಬಿಕೆ. ಪೈಪಿಗೆ ಸುತ್ತಿಕೊಂಡ ಓಮೆಂಟಮ್ ಪದರವನ್ನು ಬಿಡಿಸಿ ಮೇಲೆ ಹೊಲಿದುಬಿಟ್ಟರೆ ಎಷ್ಟೋ ಸಲ ಹಳೇ ಪೈಪೇ ಉಳಿಯುತ್ತದೆ.

ನೀರು ಮಬ್ಬಾಗಿದ್ದರೆ, ಹೊಟ್ಟೆನೋವು, ಜ್ವರ, ಉಸಿರುಗಟ್ಟುವಿಕೆ ಇದ್ದರೆ ಸಿರಪ್ ಕುಡಿಸಿ ಕಾಯಬೇಡಿ, ಅವತ್ತೇ ಹೊರಡಿ. ಹೊರಬಂದ ಬ್ಯಾಗ್, ತೂಕ ಬರೆದಿಟ್ಟ ಡೈರಿ ಎರಡನ್ನೂ ಜೊತೆಗೆ ತೆಗೆದುಕೊಂಡು ಹೋಗಿ.